ನನ್ನ ಹರಕೆ, ಅವಳ ಕೂದಲು

ಆ ಯಾತ್ರೆಯಲ್ಲಿ ನಡೆದದ್ದನ್ನು ಸರಿಯಾಗಿ ಹೇಳಬಲ್ಲವರು ಮೂವರಿದ್ದರು: ಅವ್ವ, ತಂಗಿ, ನಾನು. ಈಗ ಉಳಿದಿರುವವನು ನಾನೊಬ್ಬ. ಇತಿಹಾಸದಲ್ಲಿ ಎಂ.ಎ. ಮಾಡಿ, ನಿವೃತ್ತನಾಗುವ ತನಕ ಅದನ್ನೇ ಪಾಠ ಹೇಳಿದವನು ನಾನು. ಒಬ್ಬನೇ ಸಾಕ್ಷಿ ಇದ್ದು, ಅವನ ಮಾತು ಅವನಿಗೇ ಅನುಕೂಲವಾಗಿದ್ದರೆ, ಅದನ್ನು ಪಕ್ಕಕ್ಕಿಡಿ ಎಂದು ಹುಡುಗರಿಗೆ ಹೇಳುತ್ತಿದ್ದೆ. ಆದ್ದರಿಂದ ಇಲ್ಲಿ ಎಲ್ಲಿ ನನಗೆ ಅನುಮಾನವಿದೆಯೋ ಅಲ್ಲಿ ಅನುಮಾನವಿದೆ ಎಂದೇ ಬರೆಯುತ್ತೇನೆ.

ಅನುಮಾನವಿಲ್ಲದ ಸಂಗತಿ ಒಂದಿದೆ. ಹರಕೆ ನನ್ನದು. ನನಗೆ ಎರಡು ವರ್ಷವಾಗಿದ್ದಾಗ, ಗದಗಿನ ಹತ್ತಿರದ ನಮ್ಮ ಊರಿನಲ್ಲಿ, ಗಂಟಲು ಕಟ್ಟಿ ಉಸಿರು ನಿಲ್ಲುವ ಹಾಗಾಗಿತ್ತಂತೆ. ಅವ್ವ ವೇಲಾಂಕಣಿಯ ಆರೋಗ್ಯಮಾತೆಗೆ ಹರಕೆ ಹೊತ್ತಳು. ಮಗ ಉಳಿದರೆ, ದೊಡ್ಡವನಾದ ಮೇಲೆ ತನ್ನ ಕಾಲಿಂದ ತಾನೇ ನಡೆದು ಬಂದು ತಲೆಗೂದಲು ಕೊಡುತ್ತಾನೆ. ನಾನು ಉಳಿದೆ. ಮರುವರ್ಷವೇ ಅಪ್ಪನಿಗೆ ಥಾಣೆಯ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ಡೊಂಬಿವಲಿಯ ಚಾಳಿಗೆ ಬಂದೆವು. ತಂಗಿ ಅಲ್ಲಿಯೇ ಹುಟ್ಟಿದಳು. ನಾನು ಕಾಲೇಜಿನಲ್ಲಿದ್ದಾಗ ಅಪ್ಪ ತೀರಿಕೊಂಡ. ಹರಕೆ ಹಾಗೇ ಉಳಿದಿತ್ತು. ನನಗೆ ನೆಗಡಿಯಾದರೂ ಸಾಕು, "ಮಾತಾ ನೆನಪ ಮಾಡಾಕತ್ತಾಳ ನೋಡು" ಎಂದು ಅವ್ವ ಗೋಡೆಯ ಮೇಲಿನ ಪಟದ ಕಡೆ ನೋಡುತ್ತಿದ್ದಳು.

ಕಲ್ಯಾಣದ ಚರ್ಚಿನಲ್ಲಿ ತಿಂಗಳಿಗೊಮ್ಮೆ, ಭಾನುವಾರ ಮಧ್ಯಾಹ್ನ, ಮರಾಠಿ ಮತ್ತು ಇಂಗ್ಲಿಷ್ ಪೂಜೆಗಳೆಲ್ಲ ಮುಗಿದ ಮೇಲೆ ಕನ್ನಡ ಪೂಜೆ ನಡೆಯುತ್ತಿತ್ತು. ಹುಬ್ಬಳ್ಳಿ, ಗದಗಿನ ಕಡೆಯ ನಮ್ಮಂಥವರು ಕೆಲವರು. ಮನೆಯಲ್ಲಿ ಕೊಂಕಣಿ ಮಾತಾಡಿ ಇಲ್ಲಿ ಬಂದು ಕನ್ನಡದಲ್ಲಿ ಹಾಡುವ ಉಡುಪಿ ಕಡೆಯವರು ಕೆಲವರು. ಮಕ್ಕಳು ಹಿಂದಿನ ಬೆಂಚಿನಲ್ಲಿ ಹಿಂದಿಯಲ್ಲಿ ಜಗಳವಾಡುತ್ತಿದ್ದರು. ಈ ಗುಂಪಿಗೆ ಹಿರಿಯರೆಂದರೆ ರೈಲ್ವೆಯ ಟಿಕೆಟ್ ಬುಕಿಂಗ್ ಆಫೀಸಿನಲ್ಲಿದ್ದ ಉಡುಪಿ ಕಡೆಯ ಒಬ್ಬರು. ನಾವೆಲ್ಲ ಅವರನ್ನು ಬುಕಿಂಗ್ ಮಾಮಾ ಎಂದೇ ಕರೆಯುತ್ತಿದ್ದೆವು. ಎಪ್ಪತ್ತರ ದಶಕದ ಕೊನೆಯ ಒಂದು ಜನವರಿಯಲ್ಲಿ ಅವರು ಮೂವತ್ತೆರಡು ಜನರಿಗೆ ಮದ್ರಾಸಿನ ಗಾಡಿಯಲ್ಲಿ ಜಾಗ ಹಿಡಿದರು. ಮೊದಲು ಮದ್ರಾಸಿನ ಸಂತ ತೋಮರ ಬೆಟ್ಟ, ಆಮೇಲೆ ವೇಲಾಂಕಣಿ. ಅವ್ವ ಮೊದಲ ದಿನವೇ ಮೂರು ಹೆಸರು ಬರೆಸಿ ಬಂದಿದ್ದಳು. ನನ್ನನ್ನು ಕೇಳಿರಲಿಲ್ಲ.

ನನಗೆ ಆಗ ಇಪ್ಪತ್ತನಾಲ್ಕು. ವಿಶ್ವವಿದ್ಯಾಲಯದಿಂದ ಆಗಷ್ಟೇ ಹೊರಬಿದ್ದಿದ್ದೆ. ಕೂತಲ್ಲಿ ಕೂರಲಾರದ ವಯಸ್ಸು. ದೇವರಿಲ್ಲ ಎಂದು ಸಿಕ್ಕವರ ಮುಂದೆಲ್ಲ ಹೇಳುವ ಚಪಲ. ಯಾತ್ರೆ ಮುಗಿಸಿ ಬಂದ ವಾರವೇ ಒಂದು ಕಾಲೇಜಿನಲ್ಲಿ ಇಂಟರ್ವ್ಯೂ ಇತ್ತು. ತಂಗಿಗೆ ಇಪ್ಪತ್ತೊಂದು. ಮಹಾಪೆಯ ಒಂದು ಔಷಧಿ ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ಬೆಳಿಗ್ಗೆ ಕಂಪನಿಯ ಬಸ್ಸು ಹಿಡಿಯುವ ಮೊದಲು ಅವಳ ಜಡೆ ಹೆಣೆಯುವುದಕ್ಕೇ ಅವ್ವನಿಗೆ ಕಾಲು ಗಂಟೆ ಬೇಕಾಗುತ್ತಿತ್ತು. ಸೊಂಟದ ಕೆಳಗೆ ಇಳಿಯುತ್ತಿದ್ದ ಕೂದಲು.

ಅವಳಿಗೊಂದು ಸಂಬಂಧ ಬಂದಿತ್ತು. ಬೆಳಗಾವಿ ಕಡೆಯ ಹುಡುಗ, ಥಾಣೆಯಲ್ಲಿ ಬ್ಯಾಂಕಿನ ಕೆಲಸ. ಆ ಸಲದ ಕ್ರಿಸ್‌ಮಸ್‌ಗೆ ಹಾರ್ಮೋನಿಯಂ ನುಡಿಸುವವರಿಲ್ಲವೆಂದು ಬುಕಿಂಗ್ ಮಾಮಾ ಅವನನ್ನು ಕರೆತಂದಿದ್ದರು. ಹಾಡಿನ ಅಭ್ಯಾಸಕ್ಕೆ ತಂಗಿ ಹೋಗುತ್ತಿದ್ದಳು. ಅವಳಿಗೆ ಅವನು ಬೇಕಾಗಿದ್ದ. ಇದನ್ನು ಅವಳು ಯಾರಿಗೂ ಹೇಳಲಿಲ್ಲ, ಆದರೆ ಯಾರಿಗೂ ಗೊತ್ತಿರದ ಸಂಗತಿಯೇನಲ್ಲ. ಅವನ ಹೆಸರು ಬಂದ ಕೂಡಲೇ ಅವಳು ಎದ್ದು ಸ್ಟೋವಿಗೆ ಪಂಪು ಹೊಡೆಯಲು ಶುರು ಮಾಡುತ್ತಿದ್ದಳು. ಫೋಟೋ ಬೆಳಗಾವಿಗೆ ಹೋಗಿತ್ತು. ಹುಡುಗನ ತಾಯಿ, ಈಸ್ಟರ್ ಆದ ಮೇಲೆ ಬಂದು ನೋಡುತ್ತೇನೆ ಎಂದು ಹೇಳಿಕಳಿಸಿದ್ದರು.

ಗಾಡಿಯಲ್ಲಿ ನಮ್ಮ ಕಡೆಯ ಹೆಂಗಸರು ರೊಟ್ಟಿ, ಶೇಂಗಾ ಚಟ್ನಿಯ ಡಬ್ಬಿಗಳನ್ನು ಸೊಲ್ಲಾಪುರ ದಾಟುವ ಮೊದಲೇ ಎರಡು ಸಲ ಬಿಚ್ಚಿದ್ದರು.

"ಈ ಚಟ್ನಿ ಮುಗಿಯುವ ಮೊದಲು ಮದ್ರಾಸು ಬರುದಿಲ್ಲ ಮಾರಾಯ್ರೆ, ಬಂದ್ರೆ ನಾನು ಕೆಲಸ ಬಿಡ್ತೇನೆ" ಎಂದರು ಬುಕಿಂಗ್ ಮಾಮಾ.

"ನೀವು ಅವಲಕ್ಕಿ ತಿಂದು ಸುಮ್ನ ಕೂಡ್ರಿ ಮಾಮಾ" ಎಂದಳು ತಂಗಿ. "ನಮ್ಮ ಡಬ್ಬಿ ಮ್ಯಾಲ ಕಣ್ಣ ಹಾಕಬ್ಯಾಡ್ರಿ."

ಸಂತ ತೋಮರ ಬೆಟ್ಟದ ಮೆಟ್ಟಿಲು ಹತ್ತುವಾಗ ನಾನು ಸುತ್ತಲಿದ್ದವರಿಗೆ ಪಾಠ ಶುರು ಮಾಡಿದೆ. ಯೇಸುವಿನ ಶಿಷ್ಯನಾದ ಆ ಸಂತ ಭಾರತಕ್ಕೆ ಬಂದಿದ್ದಕ್ಕೆ ಆ ಕಾಲದ ಒಂದೇ ಒಂದು ದಾಖಲೆಯಿಲ್ಲ, ಇರುವುದೆಲ್ಲ ನಂತರದವರ ಬರಹ ಎಂದೆ. ಬುಕಿಂಗ್ ಮಾಮಾ ಏದುಸಿರು ಬಿಡುತ್ತ ನಿಂತರು. "ಅವರು ಬಂದಿದ್ರೋ ಇಲ್ವೋ ನಂಗೆ ಗೊತ್ತಿಲ್ಲ. ನಾವಂತೂ ಬಂದಿದ್ದೇವೆ. ಹತ್ತಿ." ಎಲ್ಲರೂ ನಕ್ಕರು. ತಂಗಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಈ ದೃಶ್ಯ ನನಗೆ ಬಿಸಿಲಿನ ಸಮೇತ ನೆನಪಿದೆ. ಯಾರಿಗೂ ಲಾಭನಷ್ಟವಿಲ್ಲದ ದೃಶ್ಯಗಳೇ ಇಷ್ಟು ಚೆನ್ನಾಗಿ ಉಳಿಯುತ್ತವೆ.

ವೇಲಾಂಕಣಿಗೆ ಮುಟ್ಟಿದ ಸಂಜೆ ಅವ್ವ ಮರಳು ಹಾದಿಯಲ್ಲಿ ಮೊಣಕಾಲ ಮೇಲೆ ನಡೆದಳು. ಹರಕೆಯವರೆಲ್ಲ ಹಾಗೆ ನಡೆಯುತ್ತಾರೆ. ತಂಗಿ ಪಕ್ಕದಲ್ಲಿ ನೀರಿನ ತಂಬಿಗೆ ಹಿಡಿದು ನಡೆದಳು. ಅವ್ವನ ಸೀರೆ ಮೊಣಕಾಲಿನ ಹತ್ತಿರ ಸವೆದು ಹರಿದದ್ದನ್ನು ನಾನು ಚಹದಂಗಡಿಯ ಬೆಂಚಿನಿಂದ ನೋಡಿದೆ. ಎದ್ದು ಹೋಗಬೇಕೆನಿಸಿತು, ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಮುಡಿ ಕೊಡುವ ಜಾಗಕ್ಕೆ ಹೋದೆವು. ಸಾಲಾಗಿ ಕೂತ ಕ್ಷೌರಿಕರು, ನೀರಿನ ಬಕೆಟ್ಟುಗಳು, ಒದ್ದೆ ನೆಲ, ಮೂಲೆಯಲ್ಲಿ ಗುಡ್ಡೆಯಾದ ಕೂದಲು. ಅವ್ವ ಚೀಟಿ ಮಾಡಿಸಿ ತಂದು ನನ್ನ ಮುಂದೆ ಹಿಡಿದಳು.

"ಕೂಡ್ರಪಾ."

"ಅವ್ವಾ, ಬರೋ ವಾರ ಇಂಟರ್ವ್ಯೂ ಐತಿ. ಬೋಳ ತಲಿ ಹೊತಗೊಂಡು ಪ್ರಿನ್ಸಿಪಾಲರ ಮುಂದ ಹೋಗಲೇನು?"

"ಕೆಲಸ ಕೊಡಸಾಕಿನೂ ಮಾತಾನ."

"ಹಂಗಾರ ಕೆಲಸ ಸಿಕ್ಕ ಮ್ಯಾಲ ಬಂದು ಕೊಡ್ತೀನಿ."

"ಇಪ್ಪತ್ತೆರಡು ವರ್ಷ ಆತು, ಆಮ್ಯಾಲ ಆಮ್ಯಾಲ ಅನಕೋತ."

ಇಂಟರ್ವ್ಯೂ ಒಂದು ನೆಪ. ಅದಿಲ್ಲದಿದ್ದರೂ ನಾನು ಕೂರುತ್ತಿರಲಿಲ್ಲ. ಕೂರುವುದಿಲ್ಲವೆಂದು ಡೊಂಬಿವಲಿಯಲ್ಲೇ ನಿರ್ಧರಿಸಿ, ಅದನ್ನು ಅಲ್ಲಿ ಹೇಳುವ ಧೈರ್ಯವಿಲ್ಲದೆ ಸಾವಿರ ಮೈಲಿ ಬಂದಿದ್ದೆ. ಹಿಂದೆ ಸಾಲಿನಲ್ಲಿದ್ದವರು ತಮಿಳಿನಲ್ಲಿ ಬೇಗ ಬೇಗ ಎನ್ನುತ್ತಿದ್ದರು. ಅವ್ವ ಚೀಟಿಯನ್ನು ಇನ್ನೂ ನನ್ನ ಮುಂದೆಯೇ ಹಿಡಿದಿದ್ದಳು.

ಇಲ್ಲಿಂದ ಮುಂದೆ ನನ್ನ ಬಳಿ ಎರಡು ನೆನಪುಗಳಿವೆ.

ಮೊದಲನೆಯದರಲ್ಲಿ ತಂಗಿ ತಾನಾಗಿಯೇ ಮುಂದೆ ಬಂದು ಚೀಟಿ ಕಿತ್ತುಕೊಳ್ಳುತ್ತಾಳೆ. "ಕೊಡ ಬೇ ಇಲ್ಲೆ. ನಾ ಕೊಡ್ತೀನಿ. ಒಂದ ಮನಿ, ಒಂದ ರಕ್ತ. ಮಾತಾ ಬ್ಯಾಡ ಅಂತಾಳೇನು?" ಬಹಳ ವರ್ಷ ನಾನು ನಂಬಿದ್ದು, ಹೆಂಡತಿಗೆ ಹೇಳಿದ್ದು ಇದನ್ನೇ.

ಎರಡನೆಯದರಲ್ಲಿ ಮೊದಲು ಮಾತಾಡುವವನು ನಾನು. ಅವಳ ಕಡೆ ತಿರುಗಿ, ಅರ್ಧ ತಮಾಷೆಗೆ, ಅರ್ಧ ಅಲ್ಲಿಂದ ಪಾರಾಗುವುದಕ್ಕೆ, "ನಿಂದ ಅಷ್ಟುದ್ದ ಐತಲ್ಲ, ನೀನ ಕೊಡು" ಎನ್ನುತ್ತೇನೆ. ಆಮೇಲೆ ಅವಳು ಚೀಟಿ ತೆಗೆದುಕೊಳ್ಳುತ್ತಾಳೆ. ಈ ನೆನಪು ತಡವಾಗಿ ಬಂತು, ಅವ್ವ ತೀರಿಕೊಂಡ ವರ್ಷ. ಅದರಲ್ಲಿ ನನ್ನ ದನಿ ನನಗೆ ಸ್ಪಷ್ಟವಾಗಿ ಕೇಳುತ್ತದೆ. ನಿಜವಾಗಿ ಹೇಳಿದ್ದಕ್ಕೆ ಕೇಳುತ್ತದೋ, ಅಪರಾಧಿ ಮನಸ್ಸು ಆ ದನಿಯನ್ನು ಹುಟ್ಟಿಸಿತೋ, ತಿಳಿಯದು.

ಎರಡರಲ್ಲೂ ಮುಂದಿನದು ಒಂದೇ. ಅವ್ವ ತಬ್ಬಿಬ್ಬಾಗಿ ಬುಕಿಂಗ್ ಮಾಮಾರನ್ನು ಕರೆದಳು.

"ಅಣ್ಣನ ಕೂದಲು ಯಾವುದು, ತಂಗಿಯ ಕೂದಲು ಯಾವುದು ಅಂತ ಮಾತೆಗೆ ಗೊತ್ತಾಗ್ತದೆ. ಆದ್ರೆ ಕೊಟ್ಟದ್ದನ್ನು ಬೇಡ ಅನ್ನುದಿಲ್ಲ. ಅದಲ್ಲ ನಾನು ಹೇಳುದು. ಬೆಳಗಾವಿಯವರಿಗೆ ಎಂತ ಹೇಳ್ತೀರಿ?"

"ಅವರು ಬರೋದು ಈಸ್ಟರ್ ಆದ ಮ್ಯಾಲ ಮಾಮಾ" ಎಂದಳು ತಂಗಿ. "ಅಷ್ಟರಾಗ ಬಾಬ್ ಕಟ್ ಆಗಿರ್ತೈತಿ. ಫ್ಯಾಶನ್."

ಅವಳು ಕೂತಳು. ಜಡೆ ಬಿಚ್ಚಲಿಲ್ಲ, ಜಡೆಯಾಗಿಯೇ ಕತ್ತರಿಸಿ ಪಕ್ಕಕ್ಕಿಟ್ಟು, ಆಮೇಲೆ ಕತ್ತಿ ಹಚ್ಚಿದರು. ನಾನು ಪೂರ್ತಿ ನೋಡಲಿಲ್ಲ.

ಅವಳು ಅತ್ತಳೆಂದು ನನಗೆ ನೆನಪು. ತಲೆಗೆ ಸೆರಗು ಹೊದ್ದು ಒಂದು ಕಂಬದ ಮರೆಯಲ್ಲಿ ನಿಂತಿದ್ದಳು, ಕಣ್ಣು ಕೆಂಪಾಗಿತ್ತು. ಆದರೆ ಆ ಮಧ್ಯಾಹ್ನ ಸಮುದ್ರದಂಡೆಯ ಫೋಟೋದವನು ತೆಗೆದ ಗುಂಪಿನ ಚಿತ್ರ ನನ್ನ ಬಳಿ ಇದೆ. ಅದರಲ್ಲಿ ಅವಳು ಮುಂದಿನ ಸಾಲಿನಲ್ಲಿದ್ದಾಳೆ. ಸೆರಗು ಹೆಗಲ ಮೇಲೆ, ಬೋಳು ತಲೆಗೆ ಗಂಧ ಬಳಿದಿದೆ, ಹಲ್ಲೆಲ್ಲ ಕಾಣುವಂತೆ ನಗುತ್ತಿದ್ದಾಳೆ, ಒಂದು ಕೈ ಅವ್ವನ ಭುಜದ ಮೇಲಿದೆ. ಮೂವತ್ತೊಂದು ಜನ ಇದ್ದಾರೆ. ಇಲ್ಲದವನು ನಾನು. ಫೋಟೋ ತೆಗೆಯುವಾಗ ನಾನು ಎಲ್ಲಿದ್ದೆ ಎಂಬುದಕ್ಕೆ ನನ್ನಲ್ಲಿ ಯಾವ ನೆನಪೂ ಇಲ್ಲ.

ನಾವು ಡೊಂಬಿವಲಿಗೆ ಮರಳಿದ ಎರಡನೇ ವಾರ, ಹುಡುಗನ ತಾಯಿ ಸಂಬಂಧಿಕರ ಮದುವೆಯೊಂದಕ್ಕೆ ಥಾಣೆಗೆ ಬಂದರು. ಹೇಗೂ ಬಂದಿದ್ದೇನೆ, ಇನ್ನೊಮ್ಮೆ ಯಾಕೆ ಬರಬೇಕು, ಭಾನುವಾರ ಮಗನನ್ನೂ ಕರೆದುಕೊಂಡು ಬಂದು ಹುಡುಗಿಯನ್ನು ನೋಡುತ್ತೇನೆ ಎಂದು ಹೇಳಿಕಳಿಸಿದರು. ಬೇಡವೆನ್ನಲು ಅವ್ವನಿಗೆ ಕಾರಣ ಸಿಗಲಿಲ್ಲ. ಪಕ್ಕದ ಖೋಲಿಯಿಂದ ಎರಡು ಕುರ್ಚಿ ತಂದಳು. ತಂಗಿ ಸೆರಗನ್ನು ಹಣೆಯ ತನಕ ಎಳೆದುಕೊಂಡು ಚಹ ತಂದಿಟ್ಟಳು.

"ಸೆರಗ ತಗೀಯವ್ವಾ" ಎಂದರು ಆ ತಾಯಿ, ಒಳ್ಳೆಯ ದನಿಯಲ್ಲೇ. "ನಾವೇನು ಪೂಜಾಕ್ಕ ಕುಂತೀವೇನು?"

ತಂಗಿ ತೆಗೆದಳು. ತಲೆಯ ಮೇಲೆ ಮುಳ್ಳು ಮುಳ್ಳು ಕೂದಲು.

"ವೇಲಾಂಕಣಿಗೆ ಹೋಗಿದ್ವಿರಿ" ಎಂದಳು ಅವ್ವ.

"ಚಲೋ ಆತು. ಯಾವ ಬ್ಯಾನಿಗೆ ಹೊತ್ತಿದ್ರಿ?"

"ಬ್ಯಾನಿ ಇಲ್ರಿ. ಇಂವನ ಹರಕಿ. ಸಣ್ಣಾಂವಿದ್ದಾಗ ಹೊತ್ತದ್ದು."

ಆ ತಾಯಿ ನನ್ನ ತಲೆ ನೋಡಿದರು. ಆ ಕಾಲದ ರೂಢಿಯಂತೆ ಕೂದಲು ಕಾಲರಿಗೆ ತಾಗುತ್ತಿತ್ತು. "ಇವರ ಹರಕಿಗೆ ಇಕಿ ತಲಿ?" ಎಂದರು.

ಇದನ್ನು ನಮ್ಮವರಲ್ಲದವರಿಗೆ ಬಿಡಿಸಿ ಹೇಳಬೇಕು. ವೇಲಾಂಕಣಿಗೆ ಮುಡಿ ಕೊಡುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಆದರೆ ಮದುವೆಗೆ ಬಂದ ಹುಡುಗಿ ಇಡೀ ತಲೆ ಕೊಟ್ಟಿದ್ದಾಳೆಂದರೆ, ಅವಳಿಗೇ ಏನೋ ದೊಡ್ಡದು ಆಗಿ ಹೋಗಿದೆ ಎಂದೇ ಲೆಕ್ಕ. ಮೂರ್ಛೆ, ಕ್ಷಯ, ಗರ್ಭದ ಕಾಯಿಲೆ. ಹೆತ್ತವರು ಅದನ್ನು ಮುಚ್ಚಿಡುತ್ತಾರೆ, ಗಂಡಿನ ಕಡೆಯವರು ಕೆದಕುತ್ತಾರೆ. ಅಣ್ಣ ಎದುರಿಗೇ ತಲೆತುಂಬ ಕೂದಲು ಬಿಟ್ಟು ಕೂತಿರುವಾಗ ಅವನ ಹರಕೆಗೆ ತಂಗಿ ಮುಡಿ ಕೊಟ್ಟಳೆಂದರೆ ಯಾರು ನಂಬುತ್ತಾರೆ? ನಾನಾದರೂ ನಂಬುತ್ತಿರಲಿಲ್ಲ.

ಅವರು ನನ್ನನ್ನೇ ಕೇಳಿದರು. "ನೀವ್ಯಾಕ ಕೊಡ್ಲಿಲ್ರಿ?"

"ನನಗ ಅಂಥಾದ್ರಾಗ ನಂಬಿಕಿ ಇಲ್ರಿ" ಎಂದೆ. ಹಾಗೆಂದು ನನ್ನ ನೆನಪು. ಅದನ್ನು ಹೇಳುವಾಗ ಒಳಗೆ ಸಣ್ಣದೊಂದು ಹೆಮ್ಮೆಯೂ ಇತ್ತು. ದೇವರನ್ನು ನಂಬದ ಅಣ್ಣ, ತಲೆ ಬೋಳಿಸಿದ ತಂಗಿ. ಅವರಿಗೆ ಅಷ್ಟು ಸಾಕಾಯಿತು. ಆದರೆ ನಾನು ಬಾಯೇ ಬಿಡಲಿಲ್ಲ, ಹೊರಗೆ ಚಾಳಿನ ಗ್ಯಾಲರಿಯ ಕಡೆ ನೋಡುತ್ತ ಕೂತಿದ್ದೆ ಎಂದು ಅವ್ವ ಕೊನೆಯ ತನಕ ಹೇಳುತ್ತಿದ್ದಳು. ತಂಗಿಯಂತೂ ಒಮ್ಮೆ ಯಾವುದೋ ಜಗಳದಲ್ಲಿ, "ನೀ ಅವತ್ತ ಮನ್ಯಾಗರ ಎಲ್ಲಿದ್ದಿ? ಐಸ್ ತರಾಕಂತ ಹ್ವಾದಾಂವ ಅವರು ಹ್ವಾದ ಮ್ಯಾಲ ಬಂದಿ" ಎಂದಿದ್ದಳು. ಮೂರು ಹೇಳಿಕೆಗಳನ್ನೂ ಪಕ್ಕ ಪಕ್ಕ ಇಟ್ಟು ನೋಡಿದ್ದೇನೆ. ಮೂರರಲ್ಲೂ ಅವಳಿಗೆ ನನ್ನಿಂದ ಸಹಾಯವಾಗಲಿಲ್ಲ.

ಹುಡುಗ ಕರವಸ್ತ್ರವನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದ. ಹಾರ್ಮೋನಿಯಂ ಮೇಲೆ ಅಷ್ಟು ಚುರುಕಾಗಿ ಓಡುತ್ತಿದ್ದವಂತೆ ಆ ಬೆರಳುಗಳು. ಅವನೂ ಒಂದು ಮಾತಾಡಲಿಲ್ಲ. ಇದರಲ್ಲಿ ಮಾತ್ರ ನಮ್ಮ ಮೂವರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

ವಾರದೊಳಗೆ ಬೇಡವೆಂದು ಹೇಳಿಕಳಿಸಿದರು. ಬುಕಿಂಗ್ ಮಾಮಾ ರಜೆ ಹಾಕಿ ಥಾಣೆಗೆ ಹೋಗಿ ಬಂದರು. ನಮ್ಮ ಬಾಗಿಲಲ್ಲೇ ನಿಂತು, ಒಳಗೆ ಬರಲೊಲ್ಲದೆ ಹೇಳಿದರು: "ಅಣ್ಣನ ಬದಲು ತಂಗಿ ಮುಡಿ ಕೊಡುದು ಎಲ್ಲಿಯಾದ್ರೂ ಉಂಟಾ ಅಂತ ಕೇಳಿದ್ರು ಅಕ್ಕಾ. ಉಂಟು, ನನ್ನ ಕಣ್ಣೆದುರೇ ಆಯ್ತು ಅಂದೆ. ನೀವು ನಿಮ್ಮ ಗುಂಪಿನವರನ್ನು ಬಿಟ್ಟು ಕೊಡುದಿಲ್ಲ ಅಂತ ನಕ್ಕುಬಿಟ್ರು." ಆಮೇಲೆ ನನ್ನ ಕಡೆ ನೋಡಿದರು. ಬೈಯುತ್ತಾರೆಂದುಕೊಂಡೆ. ಬೈಯಲಿಲ್ಲ. "ಕೆಲಸ ಸಿಕ್ಕಿತಂತೆ. ಒಳ್ಳೆಯದಾಯ್ತು" ಎಂದು ಮೆಟ್ಟಿಲಿಳಿದರು.

ಸಿಕ್ಕಿತ್ತು. ಅದೇ ವಾರ ಕಾಗದ ಬಂದಿತ್ತು.

ತಂಗಿ ಕಾರ್ಖಾನೆಗೆ ಹೋಗುವುದನ್ನು ಒಂದು ದಿನವೂ ತಪ್ಪಿಸಲಿಲ್ಲ. ಪ್ಯಾಕಿಂಗಿನಲ್ಲಿ ಎಲ್ಲರಿಗೂ ತಲೆಗೆ ಬಟ್ಟೆಯ ಟೋಪಿ ಇರುತ್ತಿತ್ತು, ಅಲ್ಲಿ ಯಾರಿಗೂ ಏನೂ ಗೊತ್ತಾಗಲಿಲ್ಲ ಎಂದಳು. ಕಲ್ಯಾಣದ ಪೂಜೆಗೆ ಬರುತ್ತಿದ್ದಳು, ಹಾಡುವವರ ಬೆಂಚಿಗೆ ಮಾತ್ರ ಹೋಗಲಿಲ್ಲ. ಹುಡುಗ ಆ ವರ್ಷವೇ ಬೆಳಗಾವಿಯಲ್ಲಿ ಮದುವೆಯಾದ ಸುದ್ದಿ ಬಂತು. ಕೂದಲು ಮತ್ತೆ ಬೆಳೆಯಿತು, ಮೊದಲಿನಷ್ಟು ದಟ್ಟವಾಗಿ ಅಲ್ಲ. ಬೇರೆ ಸಂಬಂಧಗಳು ಬಂದವು. "ಈಗ ಬ್ಯಾಡ" ಎನ್ನುತ್ತಿದ್ದಳು. ಕೆಲವು ವರ್ಷಗಳಾದ ಮೇಲೆ ಯಾರೂ ಕೇಳಲಿಲ್ಲ. ನಾನು ಮದುವೆಯಾಗಿ ಕಲ್ಯಾಣದಲ್ಲಿ ಮನೆ ಮಾಡಿದೆ. ಅವಳು ಅವ್ವನನ್ನು ಕರೆದುಕೊಂಡು, ಮಹಾಪೆಗೆ ಹತ್ತಿರವಾಗುತ್ತದೆಂದು ವಾಶಿಯಲ್ಲಿ ಒಂದು ಸಣ್ಣ ಮನೆ ಹಿಡಿದಳು.

ಎಂಬತ್ತರ ದಶಕದ ನಡುವೆ ಅವ್ವ ತೀರಿಕೊಂಡಳು. ತೀರಿಕೊಂಡು ತಿಂಗಳಾದ ದಿನದ ಪೂಜೆ ಮುಗಿಸಿ, ಊಟವಾಗಿ, ಬಂದವರೆಲ್ಲ ಹೋದ ಮೇಲೆ ತಂಗಿಯೂ ನಾನೂ ವಾಶಿಯ ಮನೆಯಲ್ಲಿ ಉಳಿದೆವು. ಕಾಮಾಲೆಯಾಗಿ ಅವಳು ಹೋಗುವುದಕ್ಕೆ ಇನ್ನೆರಡು ವರ್ಷವಿತ್ತು. ಅದು ನಮಗೆ ಗೊತ್ತಿರಲಿಲ್ಲ. ಅವಳು ನೆಲದ ಮೇಲೆ ಕೂತು ಅವ್ವನ ಸೀರೆಗಳನ್ನು ಮಡಚುತ್ತಿದ್ದಳು. ಆ ಎರಡನೇ ನೆನಪು ಆಗ ಹೊಸದಾಗಿ ನನ್ನನ್ನು ಕಾಡತೊಡಗಿತ್ತು. ಕೇಳಿಯೇಬಿಟ್ಟೆ.

"ಅವತ್ತ ಮುಡಿ ಕೊಡೂಮುಂದ, ನೀನ ಚೀಟಿ ತಗೊಂಡಿ, ಇಲ್ಲಾ ನಾ ಕೊಡು ಅಂದೆ?"

ಅವಳು ಸೀರೆಯ ಅಂಚು ಕೂಡಿಸುತ್ತ, "ಈಗ್ಯಾಕ ಅದು?" ಎಂದಳು.

"ಹೇಳ. ನನಗ ಬೇಕಾಗೇತಿ."

"ನಿನ್ನ ಹರಕಿಗೆ ಕೊಟ್ಟೆ ಅಂತ ಯಾರಂದ್ರು ನಿನಗ?" ಅವಳು ನನ್ನ ಮುಖ ನೋಡಲಿಲ್ಲ. "ನಾ ನನ್ನ ಹರಕಿ ಹೊತ್ತಿದ್ದೆ. ಕ್ರಿಸ್‌ಮಸ್‌ದಾಗ. ಅಂವ ಸಿಗಲಿ ಅಂತ. ಬಾಯಿ ಬಿಟ್ಟು ಹೇಳಾಕ ಬರ್ತಿದ್ದಿಲ್ಲ. ನೀ ಒಲ್ಲೆ ಅಂದದ್ದು ನನಗ ಚಲೋನ ಆತು. ನಿನ್ನ ಹೆಸರಲೇ ಕುಂತೆ."

"ಹಂಗಾರ ಅವರವ್ವ ಕೇಳಿದಾಗ ಯಾಕ ಹೇಳ್ಲಿಲ್ಲ?"

"ಏನಂತ ಹೇಳ್ಲಿ ಅಣ್ಣಾ? ನಿಮ್ಮ ಮಗಾ ಸಿಗಲಿ ಅಂತ ತಲಿ ಬೋಳಿಸ್ಕೊಂಡೀನ್ರಿ ಅಂತನೇನು?" ಎಂದು ನಕ್ಕಳು. ನಕ್ಕು, ಮುಂದಿನ ಸೀರೆ ಎತ್ತಿಕೊಂಡಳು.

ಆ ಮಾತು ನಿಜವಿರಬಹುದು. ಅವಳ ಸ್ವಭಾವಕ್ಕೆ ಹೊಂದುತ್ತದೆ; ಆ ಚಿತ್ರದಲ್ಲಿನ ನಗುವಿಗೂ ಹೊಂದುತ್ತದೆ. ಅವನನ್ನು ಪಡೆಯಲೆಂದು ಕೊಟ್ಟದ್ದರಿಂದಲೇ ಅವನನ್ನು ಕಳೆದುಕೊಂಡಳು ಎಂದಾಗುತ್ತದೆ. ಅಥವಾ ಅವ್ವನೂ ಹೋಗಿ, ತನಗೆ ನಾನೊಬ್ಬನೇ ಉಳಿದಿದ್ದೆನಾದ್ದರಿಂದ, ನನ್ನನ್ನು ಬಿಡುಗಡೆ ಮಾಡಲು ಅಲ್ಲೇ ಕೂತು ಆ ಕಥೆ ಕಟ್ಟಿರಬಹುದು. ಅಷ್ಟು ಜಾಣತನ ಅವಳಿಗಿತ್ತು, ಅಷ್ಟು ಅಂತಃಕರಣವೂ ಇತ್ತು. ಇನ್ನೊಂದು ಪ್ರಶ್ನೆ ಕೇಳಿದ್ದರೆ ಗೊತ್ತಾಗುತ್ತಿತ್ತೇನೋ. ಕೇಳಲಿಲ್ಲ. ನನಗೆ ಆ ಉತ್ತರ ಬೇಕಾಗಿತ್ತು. ಸಿಕ್ಕ ಕೂಡಲೇ ಹಿಡಿದುಕೊಂಡೆ. ಸಂಜೆಯ ಬಸ್ಸಿನಲ್ಲಿ ಕಲ್ಯಾಣದ ತನಕ ನಿದ್ದೆ ಮಾಡಿದೆ. ಬಹಳ ದಿನಗಳ ಮೇಲೆ ಬಂದ ಒಳ್ಳೆಯ ನಿದ್ದೆ.

ಅವಳು ಹೋದ ಮೇಲೆ, ಎಷ್ಟೋ ಕಾಲದ ನಂತರ, ಒಂದು ಸಂಗತಿ ಹೊಳೆಯಿತು. ಅಷ್ಟು ವರ್ಷಗಳಲ್ಲಿ ಅವಳು ಅವನ ಬಗ್ಗೆ ಬಾಯಿಬಿಟ್ಟದ್ದು ಅದೊಂದೇ ಸಲ. "ಅಂವ ಸಿಗಲಿ ಅಂತ" ಎಂದಿದ್ದಳು. ಇನ್ನೂ ಏನಾದರೂ ಹೇಳುತ್ತಿದ್ದಳೋ ಏನೋ. ಆ ಸೀರೆ ಮಡಚುವುದು ನಿಧಾನವಾಗಿತ್ತು, ನನಗೆ ಬಸ್ಸಿಗೆ ಹೊತ್ತಾಗಿತ್ತು. ಅವನು ಹೇಗಿದ್ದ, ಅವಳಿಗೆ ಏನು ಹೇಳಿದ್ದ, ಅವಳಿಗೆ ಈಗಲೂ ನೆನಪಾಗುತ್ತಾನೋ ಎಂದು ನಾನು ಕೇಳಲಿಲ್ಲ. ತಪ್ಪು ನನ್ನದೋ ಅಲ್ಲವೋ ಎಂದಷ್ಟೇ ಕೇಳಿ, ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಇದರ ಬಗ್ಗೆ ನನಗೆ ಎರಡು ನೆನಪುಗಳಿಲ್ಲ.